ಬಂಡೆಯ ಹಿಂದಿನ ಸದ್ದು, ಗೋಡೆಯ ಮೇಲಿನ ಗೋಪುರ

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಕಡ್ಡಿರಾಂಪುರದ ಆಸುಪಾಸಿನಲ್ಲೇ ಹೆಬ್ಬಂಡೆಗಳ ರಾಜ್ಯ ಶುರುವಾಗುತ್ತದೆ. ಬಾಳೆ ಮತ್ತು ಕಬ್ಬಿನ ಹೊಲಗಳ ನಡುವೆ ಎದ್ದುನಿಂತ ಅಂಥದೊಂದು ಬಂಡೆಯ ಮರೆಯಲ್ಲಿರುವವರಿಗೆ ರಸ್ತೆಯಲ್ಲಿ ಬರುವ ಬಸ್ಸು ಕಾಣುವುದಿಲ್ಲ, ಅದರ ಹಾರ್ನು ಮಾತ್ರ ಕೇಳುತ್ತದೆ. ದಿನವೂ ನಡೆಯುವ ಸಂಗತಿಯಾದ್ದರಿಂದ ಇದನ್ನು ಯಾರೂ ಪ್ರಶ್ನೆಯೆಂದು ಭಾವಿಸುವುದಿಲ್ಲ. ಆದರೆ ಇದು ನಿಜಕ್ಕೂ ದೊಡ್ಡ ಪ್ರಶ್ನೆ. ಸದ್ದೂ ಅಲೆ, ಬೆಳಕೂ ಅಲೆ ಎಂದು ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ. ಎರಡೂ ಅಲೆಗಳೇ ಆದರೆ ಒಂದು ಬಂಡೆಯನ್ನು ಬಳಸಿಕೊಂಡು ಬರುವುದೇಕೆ, ಇನ್ನೊಂದು ಬಂಡೆಗೆ ಬಡಿದು ಅಲ್ಲೇ ನಿಲ್ಲುವುದೇಕೆ? ಇದಕ್ಕೆ ಉತ್ತರ ಒಂದೇ ಮಾತಿನಲ್ಲಿದೆ: ಅಲೆಯ ಅಳತೆ. ಅಲೆ ಎಷ್ಟು ದೊಡ್ಡದು, ಅದಕ್ಕೆ ಅಡ್ಡ ಬಂದ ವಸ್ತು ಎಷ್ಟು ದೊಡ್ಡದು ಎಂಬ ಲೆಕ್ಕವೇ ಅದರ ನಡವಳಿಕೆಯನ್ನು ತೀರ್ಮಾನಿಸುತ್ತದೆ. ಹಂಪಿಗೆ ಬಂದವರೆಲ್ಲ ಬೆರಗಿನಿಂದ ನೋಡುವ ಎರಡು ಅಚ್ಚರಿಗಳು, ಅಂದರೆ ವಿರೂಪಾಕ್ಷ ಗುಡಿಯ ತಲೆಕೆಳಗಾದ ಗೋಪುರ ಮತ್ತು ವಿಠ್ಠಲ ಗುಡಿಯ ಸಪ್ತಸ್ವರ ಕಂಬಗಳು, ಈ ಮಾತಿಗೆ ಸಾಕ್ಷಿ ಹೇಳುತ್ತವೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಬೆಳಕಿನ ಮತ್ತು ಸದ್ದಿನ ಪಾಠಗಳು ಒಂದೇ ಪಾಠವಾಗುತ್ತವೆ.

ಮೊದಲು ಅಂಕಿಗಳನ್ನು ನೋಡೋಣ. ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದು ಅದರ ಆವೃತ್ತಿ, ಒಂದು ಏರಿನಿಂದ ಮುಂದಿನ ಏರಿಗೆ ಇರುವ ಅಂತರ ಅದರ ತರಂಗದೂರ. ಎರಡನ್ನೂ ಗುಣಿಸಿದರೆ ವೇಗ ಸಿಗುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ಬೆಳಕು ಸುಮಾರು 3 ಲಕ್ಷ ಕಿಲೋಮೀಟರ್. ಸಂಡೂರಿನ ಗಣಿಗಳಲ್ಲಿ ಬಂಡೆ ಸಿಡಿಸುವುದನ್ನು ದೂರದಿಂದ ನೋಡಿದವರಿಗೆ ಈ ವ್ಯತ್ಯಾಸ ಗೊತ್ತು. ಧೂಳು ಮೇಲೆದ್ದದ್ದು ಆ ಕ್ಷಣಕ್ಕೇ ಕಾಣುತ್ತದೆ, ಸದ್ದು ಕಿಲೋಮೀಟರಿಗೆ 3 ಸೆಕೆಂಡಿನಂತೆ ತಡವಾಗಿ ಬರುತ್ತದೆ. ಆದರೆ ಬಂಡೆಯ ಪ್ರಶ್ನೆಗೆ ಉತ್ತರ ವೇಗದಲ್ಲಿಲ್ಲ, ತರಂಗದೂರದಲ್ಲಿದೆ. ಮನುಷ್ಯರ ಕಿವಿಗೆ ಕೇಳುವುದು 20ರಿಂದ 20,000 ಹರ್ಟ್ಸ್‌ವರೆಗಿನ ಸದ್ದು. ಅದರ ತರಂಗದೂರ 17 ಮೀಟರಿನಿಂದ 17 ಮಿಲಿಮೀಟರ್‌ವರೆಗೆ. ಸಾಧಾರಣ ಮಾತಿನ 200 ಹರ್ಟ್ಸ್ ದನಿಯ ಅಲೆ ಆಳೆತ್ತರದ್ದು, 1.7 ಮೀಟರ್. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ 400ರಿಂದ 700 ನ್ಯಾನೊಮೀಟರ್, ಎಂದರೆ ಒಂದು ಮಿಲಿಮೀಟರಿನಲ್ಲಿ ಹಸಿರು ಬೆಳಕಿನ ಸುಮಾರು 2,000 ಅಲೆಗಳು ಹಿಡಿಸುತ್ತವೆ. ಆ ಮಾತಿನ ಅಲೆ ಈ ಹಸಿರು ಬೆಳಕಿನ ಅಲೆಗಿಂತ ಸುಮಾರು 34 ಲಕ್ಷ ಪಟ್ಟು ಉದ್ದ.

ಯಾವುದೇ ಅಲೆ ತನ್ನ ತರಂಗದೂರಕ್ಕೆ ಸಮೀಪದ ಅಳತೆಯ ಅಡ್ಡಿಯನ್ನು ಎದುರಿಸಿದಾಗ ಅದರ ಅಂಚಿನಲ್ಲಿ ಬಾಗಿ ಹಿಂದಕ್ಕೂ ಹರಡಿಕೊಳ್ಳುತ್ತದೆ. ಇದಕ್ಕೆ ವಿವರ್ತನೆ ಎಂದು ಹೆಸರು. ಅಡ್ಡಿ ತರಂಗದೂರಕ್ಕಿಂತ ಸಾವಿರಾರು ಪಟ್ಟು ದೊಡ್ಡದಾಗಿದ್ದರೆ ಈ ಬಾಗುವಿಕೆ ಲೆಕ್ಕಕ್ಕೇ ಸಿಗದಷ್ಟು ಕಡಿಮೆಯಾಗಿ, ಅಲೆ ನೇರವಾಗಿ ಸಾಗಿದಂತೆಯೇ ಕಾಣುತ್ತದೆ. ಮೂರು ನಾಲ್ಕು ಮೀಟರ್ ಅಗಲದ ಬಂಡೆ ಹಾರ್ನಿನ ಅಲೆಗೆ ಕೆಲವೇ ತರಂಗದೂರದಷ್ಟು ದೊಡ್ಡದು, ಬೆಳಕಿನ ಅಲೆಗೆ ಲಕ್ಷಾಂತರ ತರಂಗದೂರಗಳಷ್ಟು ದೊಡ್ಡದು. ಸದ್ದು ಬರುವುದೂ ಬೆಳಕು ಬಾರದಿರುವುದೂ ಈ ಕಾರಣಕ್ಕೆ. ಸುತ್ತಲಿನ ಬಂಡೆಗಳಿಗೆ ತಾಗಿ ಹಿಂದಿರುಗಿದ ಸದ್ದೇ ನಮಗೆ ಕೇಳುತ್ತಿರಬಾರದೇಕೆ ಎಂದು ಯಾರಾದರೂ ಕೇಳಬಹುದು. ಅದರ ಪಾಲೂ ಇದೆ, ಆದರೆ ಪೂರ್ತಿ ಉತ್ತರ ಅದಲ್ಲ. ಬಂಡೆಯ ಮರೆಯಲ್ಲಿ ಕಿವಿಗೊಟ್ಟು ಕೇಳಿದರೆ ಎಂಜಿನ್ನಿನ ದಪ್ಪ ಗುಡುಗು ಚೆನ್ನಾಗಿ ಕೇಳುತ್ತದೆ, ಬ್ರೇಕಿನ ಕೀರಲು ಸದ್ದು ಸೊರಗಿರುತ್ತದೆ. ದಪ್ಪ ದನಿಯ ಅಲೆ ಉದ್ದ, ಆದ್ದರಿಂದ ಅದು ಹೆಚ್ಚು ಬಾಗುತ್ತದೆ. ಚೂಪು ದನಿಯ ಅಲೆ ಗಿಡ್ಡ, ಆದ್ದರಿಂದ ಅದು ಬೆಳಕಿನ ಕಡೆಗೆ ಒಂದು ಹೆಜ್ಜೆ ಹತ್ತಿರವಾಗಿ ನೇರಕ್ಕೆ ಹೋಗುತ್ತದೆ. ಒಂದೇ ಬಸ್ಸಿನ ಎರಡು ಸದ್ದುಗಳ ನಡುವೆಯೇ ಅಳತೆಯ ನಿಯಮ ಹೀಗೆ ಕೆಲಸ ಮಾಡುತ್ತದೆ.

ಈ ನಿಯಮವನ್ನು ಜೊತೆಗಿಟ್ಟುಕೊಂಡು ವಿರೂಪಾಕ್ಷ ಗುಡಿಗೆ ಬರೋಣ. ಪೂರ್ವದ ದೊಡ್ಡ ಗೋಪುರ ಒಂಬತ್ತು ನೆಲೆಯದು, ಎತ್ತರ ಸುಮಾರು 50 ಮೀಟರ್. ಗರ್ಭಗುಡಿಯ ಹಿಂಬದಿಯ ಕತ್ತಲು ಕೋಣೆಯಲ್ಲಿ, ಸಣ್ಣ ಕಿಂಡಿಯೊಂದರಿಂದ ಬಂದ ಬೆಳಕು ಎದುರು ಗೋಡೆಯ ಮೇಲೆ ಅದೇ ಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ನೋಡಿದವರು ಇದನ್ನು ಗೋಪುರದ ನೆರಳು ಎನ್ನುತ್ತಾರೆ. ಆದರೆ ಗೋಡೆಯ ಮೇಲೆ ಬಿದ್ದಿರುವುದು ಕತ್ತಲೆಯಲ್ಲ, ಗೋಪುರದಿಂದಲೇ ಹೊರಟುಬಂದ ಬೆಳಕು. ಬಿಸಿಲು ಬಿದ್ದ ಗೋಪುರದ ಪ್ರತಿ ಬಿಂದುವಿನಿಂದಲೂ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ. ಕಲಶದಿಂದ ಹೊರಟು ಕಿಂಡಿಯೊಳಗೆ ತೂರಿದ ಬೆಳಕು ಮೇಲಿನಿಂದ ಕೆಳಕ್ಕೆ ಇಳಿಯುತ್ತಿರುವುದರಿಂದ ಗೋಡೆಯ ತಳಭಾಗಕ್ಕೆ ಬೀಳುತ್ತದೆ. ಗೋಪುರದ ಬುಡದ ಕಡೆಯಿಂದ ಬಂದದ್ದು ಗೋಡೆಯ ಮೇಲ್ಭಾಗಕ್ಕೆ ಹೋಗುತ್ತದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬದಲಾಗುತ್ತದೆ. ಚಿತ್ರದ ಗಾತ್ರಕ್ಕೂ ಸರಳ ಲೆಕ್ಕವಿದೆ. ಕಿಂಡಿಯಿಂದ ಗೋಪುರಕ್ಕೆ 100 ಮೀಟರ್, ಕಿಂಡಿಯಿಂದ ಗೋಡೆಗೆ 4 ಮೀಟರ್ ಎಂದಿಟ್ಟುಕೊಂಡರೆ ಚಿತ್ರ ಮೂಲದ ಇಪ್ಪತ್ತೈದನೇ ಒಂದು ಭಾಗವಾಗಿ, 50 ಮೀಟರಿನ ಗೋಪುರ 2 ಮೀಟರಿಗೆ ಇಳಿಯುತ್ತದೆ. ಮಸೂರವೂ ಇಲ್ಲ, ಕನ್ನಡಿಯೂ ಇಲ್ಲ. ಬೆಳಕು ನೇರವಾಗಿ ಸಾಗುತ್ತದೆ ಎಂಬ ಒಂದೇ ಸಂಗತಿ ಇಷ್ಟೆಲ್ಲವನ್ನೂ ಮಾಡುತ್ತದೆ.

ಇಲ್ಲಿಗೆ ಬೆಳಕು ಅಲೆಯೆಂಬ ಮಾತಿಗೇ ಪೆಟ್ಟು ಬಿದ್ದಂತೆ ತೋರುತ್ತದೆ. ಈ ಆಕ್ಷೇಪವನ್ನು ಎತ್ತಿದವರು ಸಾಮಾನ್ಯರಲ್ಲ, ಸ್ವತಃ ನ್ಯೂಟನ್. ಅಡ್ಡಲಾಗಿ ಗುಡ್ಡವಿದ್ದರೂ ಗಂಟೆಯ ಸದ್ದು ಅದನ್ನು ದಾಟಿ ಬರುತ್ತದೆ, ಬೆಳಕು ಹಾಗೆ ಬಾಗುವುದಿಲ್ಲ, ಆದ್ದರಿಂದ ಬೆಳಕು ಅಲೆಯಾಗಿರಲಾರದು ಎಂಬುದು ಅವರ ವಾದವಾಗಿತ್ತು. ಹಾಲೆಂಡಿನ ಹೈಗೆನ್ಸ್ ಬೆಳಕನ್ನು ಅಲೆಯೆಂದು ವಿವರಿಸಿದ್ದರೂ ನ್ಯೂಟನ್ನರ ಮಾತೇ ನೂರು ವರ್ಷ ಮೇಲುಗೈಯಾಗಿ ನಿಂತಿತು. ಸರಿಯಾದ ಉತ್ತರ ಕಿಂಡಿಯ ಅಳತೆಯಲ್ಲಿದೆ. ಒಂದು ಸೆಂಟಿಮೀಟರ್ ಅಗಲದ ಕಿಂಡಿಯಲ್ಲಿ ಹಸಿರು ಬೆಳಕಿನ 20,000 ಅಲೆಗಳನ್ನು ಒತ್ತೊತ್ತಾಗಿ ಜೋಡಿಸಬಹುದು. ಅಷ್ಟು ಅಗಲವಾದ ಬಾಗಿಲಿನಲ್ಲಿ ಅಲೆ ಬಾಗುವುದು 4 ಮೀಟರ್ ದೂರದ ಗೋಡೆಯ ಮೇಲೆ ಮಿಲಿಮೀಟರಿನ ಒಂದು ಚೂರಿನಷ್ಟು ಮಾತ್ರ. ಈಗ ಕಿಂಡಿಯನ್ನು ಕಿರಿದು ಮಾಡುತ್ತ ಹೋದರೆ ಮೊದಮೊದಲು ಚಿತ್ರ ಮಂಕಾದರೂ ಚೂಪಾಗುತ್ತದೆ. ಬೆಳಕು ಬರೀ ನೇರಗೆರೆಯಾಗಿದ್ದರೆ ಕಿಂಡಿ ಚಿಕ್ಕದಾದಷ್ಟೂ ಚಿತ್ರ ಚೂಪಾಗುತ್ತಲೇ ಹೋಗಬೇಕಿತ್ತು. ಹಾಗಾಗುವುದಿಲ್ಲ. ಗೋಡೆ 4 ಮೀಟರ್ ದೂರವಿದ್ದಾಗ ಸುಮಾರು 3 ಮಿಲಿಮೀಟರ್ ಅಗಲದ ಹತ್ತಿರ ಚಿತ್ರ ಅತ್ಯಂತ ಸ್ಪಷ್ಟವಾಗಿರುತ್ತದೆ. ಅದಕ್ಕಿಂತಲೂ ಕಿರಿದಾಗಿಸಿದರೆ ಗೋಪುರದ ಅಂಚುಗಳು ಮತ್ತೆ ಕದಡುತ್ತವೆ. ಅಲೆ ಕಿರಿದಾದ ಕಿಂಡಿಯಲ್ಲಿ ಹರಡಿಕೊಳ್ಳತೊಡಗಿತು ಎಂಬುದೊಂದೇ ಇದಕ್ಕೆ ಇರುವ ವಿವರಣೆ. ಬೆಳಕು ನೇರವಾಗಿ ಹೋಗುತ್ತದೆ ಎಂದು ತೋರಿಸಿದ ಅದೇ ಕಿಂಡಿ ಅದು ಅಲೆಯೆಂದೂ ತೋರಿಸುತ್ತದೆ.

ಯುರೋಪಿನಲ್ಲಿ ಈ ಜಗಳ ಬಗೆಹರಿದದ್ದೂ ಇಂಥ ಪ್ರಯೋಗಗಳಿಂದಲೇ. 1801ರ ಹೊತ್ತಿಗೆ ಥಾಮಸ್ ಯಂಗ್ ಎರಡು ಬೆಳಕುಗಳು ಸೇರಿದ ಕಡೆ ಹೆಚ್ಚು ಬೆಳಕಷ್ಟೇ ಅಲ್ಲ, ಕತ್ತಲೆಯೂ ಹುಟ್ಟಬಲ್ಲದು ಎಂದು ಹೇಳಿದರು. ಒಂದರ ಏರು ಇನ್ನೊಂದರ ಇಳಿವಿಗೆ ಕೂಡಿದರೆ ಎರಡೂ ರದ್ದಾಗುವುದು ಅಲೆಗಳಿಗೆ ಮಾತ್ರ ಸಾಧ್ಯ. 1818ರಲ್ಲಿ ಫ್ರೆನೆಲ್ ಅಲೆಯ ಗಣಿತವನ್ನು ಫ್ರೆಂಚ್ ಅಕಾಡೆಮಿಯ ಮುಂದಿಟ್ಟಾಗ ಗಣಿತಜ್ಞ ಪ್ವಾಸಾನ್ ಅದನ್ನು ಒಪ್ಪಲಿಲ್ಲ. ಈ ಲೆಕ್ಕ ನಿಜವಾದರೆ ದುಂಡನೆಯ ತಟ್ಟೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆ ಇರಬೇಕಾಗುತ್ತದೆ, ಅದು ಅಸಂಬದ್ಧ ಎಂದರು. ಅರಾಗೋ ಪ್ರಯೋಗ ಮಾಡಿ ನೋಡಿದರು. ಚುಕ್ಕೆ ಅಲ್ಲೇ ಇತ್ತು. ಕಡ್ಡಿರಾಂಪುರದ ಬಂಡೆಯ ಹಿಂದೆ ಸದ್ದು ಮಾಡುವ ಕೆಲಸವನ್ನೇ ಬೆಳಕು ಆ ಸಣ್ಣ ತಟ್ಟೆಯ ಹಿಂದೆ ಮಾಡಿತ್ತು.

ಬಂಡೆಗಳು ಇದೇ ಪಾಠವನ್ನು ಇನ್ನೊಂದು ರೀತಿಯಲ್ಲೂ ಹೇಳುತ್ತವೆ. ಹಂಪಿಯ ಗುಡ್ಡಗಳ ನಡುವೆ ಕೂಗಿದರೆ ಪ್ರತಿಧ್ವನಿ ಬರುತ್ತದೆ, ಆದರೆ ಅದೇ ಬಂಡೆಯಲ್ಲಿ ಮುಖ ಕಾಣುವುದಿಲ್ಲ. ಗ್ರಾನೈಟಿನ ಮೈಮೇಲಿನ ಹರಳುಗಳು ಕೆಲವು ಮಿಲಿಮೀಟರ್ ಗಾತ್ರದವು. ಆಳೆತ್ತರದ ಸದ್ದಿನ ಅಲೆಗೆ ಆ ಉಬ್ಬುತಗ್ಗು ಇದ್ದೂ ಇಲ್ಲದಂತೆ, ಆದ್ದರಿಂದ ಬಂಡೆ ಸದ್ದಿಗೆ ಒಳ್ಳೆಯ ಕನ್ನಡಿ. ಬೆಳಕಿನ ಅಲೆಗೆ ಅದು ಬೆಟ್ಟ ಕಣಿವೆಗಳ ನಾಡು, ಆದ್ದರಿಂದ ಬೆಳಕು ಕಂಡ ಕಂಡ ಕಡೆಗೆ ಚದುರಿಹೋಗುತ್ತದೆ. ಹಜಾರರಾಮ ಗುಡಿಯ ರಂಗಮಂಟಪದಲ್ಲಿ ಕಪ್ಪು ಕಲ್ಲಿನ ನಾಲ್ಕು ಕಂಬಗಳಿವೆ. ಅವುಗಳನ್ನು ಉಜ್ಜಿ ಉಜ್ಜಿ ನಯಗೊಳಿಸಲಾಗಿದೆ, ಹೀಗಾಗಿ ಬೆಳಕು ಅವುಗಳ ಮೇಲೆ ಮಿರುಗುತ್ತದೆ. ಕಲ್ಲಿನ ಮೈಯ ಏರುಪೇರು ಬೆಳಕಿನ ಅಲೆಯ ಅಳತೆಗೆ ಇಳಿಯುತ್ತ ಬಂದಂತೆ ಕಲ್ಲು ಬೆಳಕಿಗೂ ಕನ್ನಡಿಯಾಗುತ್ತ ಹೋಗುತ್ತದೆ. ನುಣುಪು ಎಂಬುದು ಕಲ್ಲಿನ ಗುಣವಷ್ಟೇ ಅಲ್ಲ, ಕಲ್ಲಿಗೂ ಅಲೆಗೂ ಇರುವ ಸಂಬಂಧ.

ಈಗ ವಿಠ್ಠಲ ಗುಡಿಯ ಮಹಾಮಂಟಪ. ಹದಿನಾರನೇ ಶತಮಾನದ ಈ ಮಂಟಪದಲ್ಲಿ 56 ಕಂಬಗಳಿವೆ. ದೊಡ್ಡ ಕಂಬವೊಂದರ ಸುತ್ತ ತೆಳುವಾದ ಕಿರುಗಂಬಗಳನ್ನು ಒಂದೇ ಕಲ್ಲಿನಲ್ಲಿ ಬಿಡಿಸಿ ಕೊರೆದಿರುವುದು ಇವುಗಳ ವಿಶೇಷ. ಈ ಕಿರುಗಂಬಗಳನ್ನು ಬೆರಳಿನಿಂದ ತಟ್ಟಿದರೆ ನಾದ ಹೊಮ್ಮುತ್ತದೆ. ಒಳಗೆ ಟೊಳ್ಳಿದೆ, ಲೋಹ ತುಂಬಿದ್ದಾರೆ, ಗುಟ್ಟು ತಿಳಿಯಲೆಂದು ಬ್ರಿಟಿಷರು ಎರಡು ಕಂಬ ಕತ್ತರಿಸಿ ನೋಡಿದರು ಎಂಬಂಥ ಕಥೆಗಳು ಪ್ರವಾಸಿಗರ ಕಿವಿಗೆ ಬೀಳುತ್ತಲೇ ಇರುತ್ತವೆ. ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಂಬಗಳಿಗೆ ಗಾಯ ಮಾಡದ ವಿಧಾನಗಳಲ್ಲಿ ಇವನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಲ್ಲಿನೊಳಗೆ ಶಬ್ದದ ಅಲೆ ಕಳಿಸಿ ನೋಡಿದಾಗ ಕಿರುಗಂಬಗಳು ಪೂರ್ತಿ ಗಟ್ಟಿಯಾದ ಗ್ರಾನೈಟ್ ಎಂದು ಖಚಿತವಾಯಿತು. ಬೆರಳಿನಿಂದ ತಟ್ಟಿ ದಾಖಲಿಸಿದ ಸದ್ದಿನ ಆವೃತ್ತಿಗಳು ಕಿರುಗಂಬಗಳ ಉದ್ದ, ದಪ್ಪಗಳಿಗೆ ಹೊಂದಿಕೊಂಡವು. ಕಂಬ ಹಾಡುವುದು ಬಾಗಿ ಬಳುಕುವುದರಿಂದ. ಮೇಲೂ ಕೆಳಗೂ ಬಿಗಿದು ನಿಂತ ಕಲ್ಲಿನ ನಡುಭಾಗ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಆಚೀಚೆ ಅಲುಗಿ ಸುತ್ತಲಿನ ಗಾಳಿಯನ್ನು ತಳ್ಳುತ್ತದೆ.

ಇಲ್ಲಿಯೂ ಆಳುವುದು ಅಳತೆಯೇ. ವೀಣೆಯ ತಂತಿಯನ್ನು ಅರ್ಧ ಉದ್ದಕ್ಕೆ ಒತ್ತಿ ಹಿಡಿದರೆ ಆವೃತ್ತಿ ಇಮ್ಮಡಿಯಾಗಿ ಮೇಲಿನ ಷಡ್ಜ ಕೇಳುತ್ತದೆ. ಬಾಗಿ ಕಂಪಿಸುವ ಕಲ್ಲಿನ ಲೆಕ್ಕ ಬೇರೆ: ಉದ್ದ ಅರ್ಧವಾದರೆ ಆವೃತ್ತಿ ನಾಲ್ಕು ಪಟ್ಟು, ದಪ್ಪ ಇಮ್ಮಡಿಯಾದರೆ ಆವೃತ್ತಿ ಇಮ್ಮಡಿ. ಒಂದು ಮೀಟರ್ ಉದ್ದ, 10 ಸೆಂಟಿಮೀಟರ್ ದಪ್ಪದ ಗ್ರಾನೈಟ್ ಕಿರುಗಂಬವನ್ನು ಊಹಿಸಿ ಲೆಕ್ಕ ಹಾಕಿದರೆ ಆವೃತ್ತಿ 400, 500 ಹರ್ಟ್ಸ್ ಆಸುಪಾಸಿಗೆ ಬರುತ್ತದೆ. ಮನುಷ್ಯರ ಹಾಡುಗಾರಿಕೆ ಓಡಾಡುವ ಸೀಮೆಯೇ ಅದು. ಇನ್ನೊಂದು ಸೂಕ್ಷ್ಮವೂ ಇದೆ. ತಂತಿ ಮೂಲ ಸ್ವರದ ಜೊತೆಗೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಉಪಸ್ವರಗಳನ್ನು ಹೊರಡಿಸುತ್ತದೆ, ಅವು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಎರಡೂ ತುದಿ ಬಿಗಿದ ಕಲ್ಲಿನ ಉಪಸ್ವರಗಳು ಸುಮಾರು 2.8 ಪಟ್ಟು, 5.4 ಪಟ್ಟು ಎಂಬಂತೆ ಅಡ್ಡಾದಿಡ್ಡಿಯಾಗಿ ಬೀಳುತ್ತವೆ. ಕಂಬದ ನಾದ ವೀಣೆಗಿಂತ ಗಂಟೆಯ ಕಡೆಗೆ ವಾಲಿರುವುದು ಇದರಿಂದಲೇ. ಚರ್ಮವಾದ್ಯಗಳದೂ ಸಹಜವಾಗಿ ಇಂಥದೇ ಅಡ್ಡಾದಿಡ್ಡಿ ಸ್ವಭಾವ. ಆದರೆ ಮೃದಂಗದ ಬಲಮುಖಕ್ಕೆ ಹಚ್ಚಿದ ಕಪ್ಪು ಕರಣೆ ಅದರ ಉಪಸ್ವರಗಳನ್ನು ತಂತಿಯ ಶಿಸ್ತಿಗೆ ತರುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲೇ ತೋರಿಸಿದ್ದರು. ನಮ್ಮ ವಾದ್ಯ ಮಾಡುವವರ ಕೈಚಳಕವನ್ನು ಭೌತಶಾಸ್ತ್ರ ಗೌರವದಿಂದ ಓದಿದ್ದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಬೆಳಕು, ಸದ್ದುಗಳನ್ನು ಹೀಗೆ ಒಂದೇ ದಾರದಲ್ಲಿ ಪೋಣಿಸುವುದು ತಪ್ಪಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಸದ್ದಿಗೆ ಗಾಳಿ, ನೀರು, ಕಲ್ಲು ಹೀಗೆ ಏನಾದರೊಂದು ಮಾಧ್ಯಮ ಬೇಕು. ಬೆಳಕು ಏನೂ ಇಲ್ಲದ ನಿರ್ವಾತದಲ್ಲೂ ಸೂರ್ಯನಿಂದ ನಮ್ಮವರೆಗೆ ಬರುತ್ತದೆ. ಗಾಳಿಯಲ್ಲಿನ ಸದ್ದು ತಾನು ಸಾಗುವ ದಿಕ್ಕಿನಲ್ಲೇ ಗಾಳಿಯನ್ನು ಒತ್ತಿ ಸಡಿಲಿಸುತ್ತದೆ, ಬೆಳಕಿನಲ್ಲಿ ಏರಿಳಿಯುವುದು ವಿದ್ಯುತ್ ಮತ್ತು ಕಾಂತಕ್ಷೇತ್ರಗಳು, ಅದೂ ಸಾಗುವ ದಿಕ್ಕಿಗೆ ಅಡ್ಡಲಾಗಿ. ಈ ವ್ಯತ್ಯಾಸಗಳು ನಿಜ, ಮುಚ್ಚಿಡಬೇಕಾದವಲ್ಲ. ಆದರೆ ಏರಿಳಿಯುತ್ತಿರುವುದು ಏನು ಎಂಬುದು ಒಂದು ಪ್ರಶ್ನೆ, ಅಲೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಎರಡರಲ್ಲೂ ಒಂದೇ. ಬೇಸಿಗೆಯ ಮಧ್ಯಾಹ್ನ ಬಳ್ಳಾರಿ ರಸ್ತೆಯಲ್ಲಿ ದೂರದ ಡಾಂಬರಿನ ಮೇಲೆ ನೀರು ನಿಂತಂತೆ ಕಾಣುವುದು ಎಲ್ಲರಿಗೂ ಗೊತ್ತು. ನೆಲಕ್ಕೆ ತಾಗಿದ ಬಿಸಿಗಾಳಿಯಲ್ಲಿ ಬೆಳಕಿನ ವೇಗ ತುಸು ಹೆಚ್ಚು. ಅಲೆ ಯಾವಾಗಲೂ ನಿಧಾನವಿರುವ ಕಡೆಗೆ ಬಾಗುವುದರಿಂದ ಆಕಾಶದ ಬೆಳಕು ನೆಲದ ಹತ್ತಿರ ಬಂದು ಮೇಲಕ್ಕೆ ತಿರುಗಿ ಕಣ್ಣು ಸೇರುತ್ತದೆ. ಬಿಸಿಗಾಳಿಯಲ್ಲಿ ಸದ್ದಿನ ವೇಗವೂ ಹೆಚ್ಚು, ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರಿನಷ್ಟು. ಹಾಗಾಗಿ ಸುಡುವ ಹಗಲಿನಲ್ಲಿ ಸದ್ದೂ ಮೇಲಕ್ಕೆ ಬಾಗಿ, ದೂರದ ಕೂಗು ನಮ್ಮ ತಲೆಯ ಮೇಲಿನಿಂದ ಹೊರಟುಹೋಗುತ್ತದೆ. ರಾತ್ರಿ ಲೆಕ್ಕ ತಿರುವುಮುರುವಾಗುತ್ತದೆ. ಕಂಪ್ಲಿಯ ಬಳಿ ತುಂಗಭದ್ರೆಯ ನೀರಿನ ಮೇಲಿನ ಗಾಳಿ ತಣ್ಣಗಿದ್ದು ಅದರ ಮೇಲಿನದು ಬೆಚ್ಚಗಿದ್ದರೆ ಸದ್ದು ಕೆಳಕ್ಕೆ ಬಾಗಿ ಆಚೆ ದಂಡೆಯ ಮಾತೂ ಈಚೆಗೆ ಕೇಳುತ್ತದೆ. ಬಿಸಿಲ್ಗುದುರೆಗೂ ರಾತ್ರಿಯ ದೂರದ ದನಿಗೂ ನಿಯಮ ಒಂದೇ.

ಸದ್ದು, ಬೆಳಕುಗಳ ನೇರ ಮುಖಾಮುಖಿಯೂ ನಮ್ಮ ರಾಜ್ಯದಲ್ಲೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ರಾಮನ್ ತಮ್ಮ ಶಿಷ್ಯ ನಾಗೇಂದ್ರನಾಥರ ಜೊತೆ 1935ರಿಂದ ಒಂದು ಸಿದ್ಧಾಂತವನ್ನು ಕಟ್ಟಿದರು. ದ್ರವವೊಂದರೊಳಗೆ ಕಿವಿಗೆ ಕೇಳದಷ್ಟು ಹೆಚ್ಚಿನ ಆವೃತ್ತಿಯ ಸದ್ದನ್ನು ಹರಿಸಿದಾಗ ದ್ರವ ಒತ್ತಾದ, ಸಡಿಲಾದ ಸಾಲುಗಳಾಗಿ ಜೋಡಣೆಯಾಗುತ್ತದೆ. ಅದರ ಮೂಲಕ ಹಾಯಿಸಿದ ಬೆಳಕು ನೇರ ಹೋಗದೆ ಹಲವು ಕವಲುಗಳಾಗಿ ಒಡೆಯುತ್ತದೆ. ಈ ಕವಲುಗಳಿಗೆ ಲೆಕ್ಕ ಕೊಟ್ಟದ್ದು ಇಂದು ಪಠ್ಯಪುಸ್ತಕಗಳಲ್ಲಿರುವ ರಾಮನ್–ನಾಥ್ ಸಿದ್ಧಾಂತ. ಸದ್ದಿನ ಅಲೆಯನ್ನು ಸಾಕಷ್ಟು ಗಿಡ್ಡದಾಗಿಸಿದರೆ ಅದು ಬೆಳಕಿನ ದಾರಿಯನ್ನೇ ತಿರುಗಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಕೊನೆಯ ಆಕ್ಷೇಪ ಮನಸ್ಸಿಗೆ ಸಂಬಂಧಿಸಿದ್ದು. ಹೀಗೆ ಬಿಡಿಸಿ ಹೇಳಿದರೆ ಗುಡಿಯ ಮಹಿಮೆ ಕುಗ್ಗುವುದಿಲ್ಲವೇ ಎಂದು ಕೆಲವರು ಅಳುಕುತ್ತಾರೆ. ಆಧುನಿಕ ಭೌತಶಾಸ್ತ್ರವೆಲ್ಲ ಆ ಶಿಲ್ಪಿಗಳಿಗೆ ಮೊದಲೇ ಗೊತ್ತಿತ್ತು ಎಂದು ಇನ್ನು ಕೆಲವರು ಹೆಮ್ಮೆಪಡುತ್ತಾರೆ. ಎರಡೂ ನಿಲುವುಗಳು ಶಿಲ್ಪಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸುವುದಿಲ್ಲ. ಕತ್ತಲು ಕೋಣೆಗೆ ಕಿಂಡಿಯಿದ್ದರೆ ಎದುರಿನ ಚಿತ್ರ ಗೋಡೆಗೆ ಬಿದ್ದೇ ಬೀಳುತ್ತದೆ. ಚೀನಾದ ಮೋಜಿಯ ಪಂಥದವರು ಕ್ರಿಸ್ತಪೂರ್ವದಲ್ಲೇ ಇದನ್ನು ಗಮನಿಸಿದ್ದರು, ಅರಬ್ ವಿದ್ವಾಂಸ ಇಬ್ನ್ ಅಲ್ ಹೈಥಮ್ ಹನ್ನೊಂದನೇ ಶತಮಾನದಲ್ಲಿ ಇದನ್ನು ಪರೀಕ್ಷಿಸಿ ಬರೆದರು. ಅದಕ್ಕೆ ಗುಟ್ಟಿನ ತಂತ್ರ ಬೇಕಿಲ್ಲ. ಕಂಬಗಳ ಮಾತು ಬೇರೆ. ಬಾಗುವ ದಂಡದ ಗಣಿತ ಯುರೋಪಿನಲ್ಲಿ ರೂಪುಗೊಂಡದ್ದು ಹದಿನೆಂಟನೇ ಶತಮಾನದಲ್ಲಿ, ಬರ್ನೂಲಿ ಮತ್ತು ಆಯ್ಲರ್ ಅವರಿಂದ. ವಿಠ್ಠಲ ಗುಡಿಯ ಶಿಲ್ಪಿಗಳ ಬಳಿ ಆ ಸಮೀಕರಣ ಇರಲಿಲ್ಲ. ಅವರ ಬಳಿ ಉಳಿ, ಸುತ್ತಿಗೆ, ಕಲ್ಲಿನ ಗುಣ ಬಲ್ಲ ಕೈ ಮತ್ತು ಸ್ವರ ಬಲ್ಲ ಕಿವಿ ಇದ್ದವು. ಎಷ್ಟು ಉದ್ದ ಬಿಡಬೇಕು, ಎಷ್ಟು ದಪ್ಪ ಉಳಿಸಬೇಕು ಎಂಬುದನ್ನು ಅವರು ಕೆತ್ತುತ್ತ, ಕೇಳುತ್ತ ಕಂಡುಕೊಂಡರು. ಒಮ್ಮೆ ಹೆಚ್ಚು ಕೆತ್ತಿದ ಕಲ್ಲನ್ನು ಮತ್ತೆ ದಪ್ಪ ಮಾಡಲು ಬರುವುದಿಲ್ಲ ಎಂಬುದನ್ನು ನೆನೆದರೆ ಆ ಕೌಶಲದ ಎತ್ತರ ತಿಳಿಯುತ್ತದೆ. ಗುಟ್ಟಿನ ಲೋಹದ ಕಥೆ ಅವರ ದುಡಿಮೆಯನ್ನು ಕಸಿದುಕೊಳ್ಳುತ್ತದೆ, ಅಳತೆಯ ವಿವರಣೆ ಅದನ್ನು ಅವರಿಗೆ ಮರಳಿ ಕೊಡುತ್ತದೆ.

ಕಂಬಗಳನ್ನು ಉಳಿಸಿಕೊಳ್ಳಬೇಕಾದ ಕಾರಣವೂ ಇದೇ ಭೌತಶಾಸ್ತ್ರದಿಂದ ತಿಳಿಯುತ್ತದೆ. ಗ್ರಾನೈಟ್ ನಾದ ಕೊಡುವುದು ಅದರ ಹರಳುಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುವುದರಿಂದ. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಕಂಪನದ ಶಕ್ತಿ ಅಲ್ಲಿ ಉಜ್ಜಾಡಿ ಸೋರಿಹೋಗುತ್ತದೆ, ನಾದ ಸತ್ತು ಬರೀ ಠಪ್ಪೆಂಬ ಸದ್ದು ಉಳಿಯುತ್ತದೆ. ದಿನಕ್ಕೆ ಸಾವಿರಾರು ಕೈಗಳು ಉಂಗುರ, ನಾಣ್ಯಗಳಿಂದ ಬಡಿದರೆ ಯಾವ ಕಲ್ಲೂ ತಾಳದು. ಕಂಬ ಮುಟ್ಟಬಾರದೆಂಬ ನಿರ್ಬಂಧ ಸರಿಯಾದದ್ದು, ಅದನ್ನು ಎಲ್ಲರೂ ಪಾಲಿಸಬೇಕು. ಕಲಿಯುವುದಕ್ಕೆ ಕಂಬವನ್ನೇ ತಟ್ಟಬೇಕಿಲ್ಲ. ಉಕ್ಕಿನ ಸ್ಕೇಲೊಂದನ್ನು ಬೆಂಚಿನ ಅಂಚಿಗೆ ಒತ್ತಿಹಿಡಿದು ಮೀಟಿದರೆ, ಹೊರಚಾಚಿದ ಉದ್ದ ಅರ್ಧವಾದಾಗ ಆವೃತ್ತಿ ನಾಲ್ಕು ಪಟ್ಟಾಗುವುದನ್ನು ಮಕ್ಕಳು ತಮ್ಮ ಕಿವಿಯಿಂದಲೇ ಕಂಡುಕೊಳ್ಳುತ್ತಾರೆ. ರಟ್ಟಿನ ಪೆಟ್ಟಿಗೆಗೆ ಒಂದು ಕಡೆ ಗುಂಡುಸೂಜಿಯ ತೂತು, ಇನ್ನೊಂದು ಕಡೆ ಎಣ್ಣೆ ಸವರಿದ ಕಾಗದವಿದ್ದರೆ ಊರ ಗುಡಿಯ ಗೋಪುರವೇ ತಲೆಕೆಳಗಾಗಿ ಅಂಗೈ ಅಗಲಕ್ಕೆ ಬಂದು ಕೂರುತ್ತದೆ. ತೂತನ್ನು ಹಿಗ್ಗಿಸಿ, ಕುಗ್ಗಿಸಿ ನೋಡುವಂತೆ ಮಕ್ಕಳಿಗೆ ಹೇಳಬೇಕು. ಕಡ್ಡಿರಾಂಪುರ, ಹೊಸಪೇಟೆ, ಕಂಪ್ಲಿ, ಸಂಡೂರಿನ ಶಾಲೆಗಳಿಗೆ ಹಂಪಿಯಂಥ ಪ್ರಯೋಗಶಾಲೆ ಹತ್ತಿರದಲ್ಲೇ ಇದೆ. ವಿಜ್ಞಾನದ ಮೇಷ್ಟ್ರುಗಳು ಈ ಎರಡು ಪ್ರಯೋಗಗಳನ್ನು ತರಗತಿಯಲ್ಲಿ ಮಾಡಿಸಿ, ಆಮೇಲೆ ಮಕ್ಕಳನ್ನು ವಿರೂಪಾಕ್ಷ, ವಿಠ್ಠಲ ಗುಡಿಗಳಿಗೆ ಕರೆದೊಯ್ಯಲಿ. ತಾವೇ ಅಳೆದು ನೋಡಿದ ಮಕ್ಕಳು ಕಟ್ಟುಕಥೆಗೆ ಮಾರುಹೋಗುವುದಿಲ್ಲ, ಕಂಬಕ್ಕೆ ಕೈಯನ್ನೂ ಹಾಕುವುದಿಲ್ಲ.